ಹಳೆ ಕಾಂಕ್ರೀಟ್, ಹಾರುಬೂದಿ, ಟೈರು, ಪ್ಲಾಸ್ಟಿಕ್: ಯಾವ ಕಸ ಯಾವ ಪದರಕ್ಕೆ?

ಸಿವಿಲ್ ಕೊನೇ ವರ್ಷ:
ಎಲ್ಲರಿಗೂ ನಮಸ್ಕಾರ. ಕಾಂಕ್ರೀಟ್ ಮತ್ತು ರಸ್ತೆಯಲ್ಲಿ ಮರುಬಳಕೆ ವಸ್ತುಗಳ ಬಗ್ಗೆ ನಮ್ಮ ತಂಡ ಪ್ರಾಜೆಕ್ಟ್ ಮಾಡುತ್ತಿದೆ. ಓದಲು ಬೇಕಾದಷ್ಟು ಪ್ರಬಂಧಗಳು ಸಿಗುತ್ತವೆ. ತೊಂದರೆ ಏನಂದ್ರೆ ಪ್ರತಿಯೊಂದೂ ಒಂದೊಂದು ಶೇಕಡಾವಾರು ಹೇಳುತ್ತದೆ. ಒಬ್ಬರು ಹಳೆ ಕಾಂಕ್ರೀಟ್ ಜಲ್ಲಿ 30% ಸಾಕು ಅಂತಾರೆ, ಇನ್ನೊಬ್ಬರು 100% ಹಾಕಿದರೂ ಏನೂ ಆಗಲ್ಲ ಅಂತಾರೆ. ಗಾಜು, ಟೈರು, ಪ್ಲಾಸ್ಟಿಕ್, ಬೂದಿ ಎಲ್ಲದಕ್ಕೂ ಇದೇ ಕಥೆ. ಇಷ್ಟೊಂದು ವ್ಯತ್ಯಾಸ ಯಾಕೆ? ನಿಜವಾಗಿ ಕೆಲಸ ಮಾಡಿದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಪ್ಲಾಂಟ್ ಕ್ಯೂಸಿ:
ಒಳ್ಳೆ ಪ್ರಶ್ನೆ. ಶೇಕಡಾವಾರಿನಿಂದ ಶುರು ಮಾಡಿದ್ದೇ ಗೊಂದಲಕ್ಕೆ ಕಾರಣ. ಮೊದಲು ಆ ಜಲ್ಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಕ್ರಷರ್‌ನಿಂದ ಬಂದ ಹಳೆ ಕಾಂಕ್ರೀಟ್ ಜಲ್ಲಿ ಬರೀ ಕಲ್ಲಲ್ಲ. ಕಲ್ಲಿನ ಮೈಮೇಲೆ ಹಳೆ ಗಾರೆ ಅಂಟಿಕೊಂಡಿರುತ್ತದೆ. ಕೆಲವು ಕಲ್ಲಿಗೆ ತೆಳುವಾಗಿ, ಕೆಲವಕ್ಕೆ ದಪ್ಪವಾಗಿ. ಕೆಲವು ತುಂಡುಗಳಲ್ಲಿ ಕಲ್ಲೇ ಇರಲ್ಲ, ಪೂರ್ತಿ ಗಾರೆ. ಬೆರಳಲ್ಲಿ ಉಜ್ಜಿದರೆ ಪುಡಿ ಬರುತ್ತದೆ.

ಈ ಗಾರೆಯ ತುಂಬ ಸಣ್ಣ ಸಣ್ಣ ರಂಧ್ರಗಳು. ಒಳ್ಳೆ ಗ್ರಾನೈಟ್ ಜಲ್ಲಿ ತನ್ನ ತೂಕದ 1%ಗಿಂತ ಕಡಿಮೆ ನೀರು ಹೀರುತ್ತದೆ. ಹಳೆ ಕಾಂಕ್ರೀಟ್ ಜಲ್ಲಿ ಸಾಮಾನ್ಯವಾಗಿ 3ರಿಂದ 10% ಹೀರುತ್ತದೆ. ಇದನ್ನು ಒಣಗಿದ್ದಾಗ ಹಾಗೇ ಮಿಕ್ಸರ್‌ಗೆ ಸುರಿದರೆ ಏನಾಗುತ್ತದೆ ನೋಡಿ. ಮೊದಲ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಅನ್ನೋ ಅಳತೆ) ಸರಿಯಾಗೇ ಬರುತ್ತದೆ. ಲಾರಿ ಸೈಟ್ ಮುಟ್ಟುವಷ್ಟರಲ್ಲಿ ಜಲ್ಲಿ ನೀರು ಕುಡಿದು ಕಾಂಕ್ರೀಟ್ ಗಟ್ಟಿಯಾಗಿರುತ್ತದೆ. ಪಂಪ್‌ನಲ್ಲಿ ಹೋಗಲ್ಲ. ಆಗ ಯಾರೋ ಪೈಪ್ ತಂದು ನೀರು ಬಿಡುತ್ತಾರೆ. ನೀರು-ಸಿಮೆಂಟ್ ಪ್ರಮಾಣ ಕೆಟ್ಟಿತು, ಬಲ ಪರೀಕ್ಷೆಯ ಕ್ಯೂಬ್ ಫೇಲ್. ಕೊನೆಗೆ ಬೈಗುಳ ಬೀಳುವುದು ಮರುಬಳಕೆ ಜಲ್ಲಿಗೆ.

ಹಿಂದಿನ ದಿನವೇ ರಾಶಿಯನ್ನು ನೆನೆಸಿ, ತೇವಾಂಶ ಅಳೆದು, ಮಿಕ್ಸ್ ಡಿಸೈನ್‌ನಲ್ಲಿ ಆ ನೀರನ್ನು ಲೆಕ್ಕಕ್ಕೆ ತಗೊಂಡರೆ ಅದೇ ಜಲ್ಲಿ ಎಷ್ಟೋ ಚೆನ್ನಾಗಿ ನಡೆದುಕೊಳ್ಳುತ್ತದೆ. ನೀವು ಓದಿದ ಪ್ರಬಂಧಗಳಲ್ಲಿ ಯಾರು ನೆನೆಸಿದ್ದರು, ಯಾರು ಒಣಗಿದ್ದನ್ನೇ ಹಾಕಿದ್ದರು ಅಂತ ಹುಡುಕಿ. ಅರ್ಧ ವ್ಯತ್ಯಾಸ ಅಲ್ಲೇ ಸಿಗುತ್ತದೆ.

ಸಿವಿಲ್ ಕೊನೇ ವರ್ಷ:
ಸರ್, ತುಂಬಾ ಥ್ಯಾಂಕ್ಸ್. ಉಳಿದ ಅರ್ಧ?

ಪ್ಲಾಂಟ್ ಕ್ಯೂಸಿ:
ಉಳಿದದ್ದು ಆ ಕಾಂಕ್ರೀಟ್ ಎಲ್ಲಿಂದ ಬಂತು ಅನ್ನೋದು. ಒಡೆದ ರನ್‌ವೇ ಅಥವಾ ಕಾಂಕ್ರೀಟ್ ರಸ್ತೆಯಿಂದ ಬಂದ ಜಲ್ಲಿ ಒಂದೇ ಥರ ಇರುತ್ತದೆ, ಶುದ್ಧವಾಗಿರುತ್ತದೆ. ಕೆಡವಿದ ಕಟ್ಟಡದಿಂದ ಬಂದದ್ದು ಹಾಗಲ್ಲ. ಇಟ್ಟಿಗೆ, ಟೈಲ್ಸ್, ಮರದ ಚೂರು, ಪ್ಲಾಸ್ಟಿಕ್, ಜೊತೆಗೆ ಜಿಪ್ಸಂ ಪ್ಲಾಸ್ಟರ್. ನನಗೆ ಎಲ್ಲಕ್ಕಿಂತ ಭಯ ಈ ಜಿಪ್ಸಂದು. ಅದರ ಸಲ್ಫೇಟ್ ಸಿಮೆಂಟಿನ ಅಲ್ಯುಮಿನೇಟ್ ಜೊತೆ ಸೇರಿ ಎಟ್ರಿಂಜೈಟ್ ಅನ್ನೋ ಉಬ್ಬುವ ಹರಳಾಗುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಹೀಗಾದರೆ ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತದೆ. 28 ದಿನದ ಕ್ಯೂಬ್ ಟೆಸ್ಟ್ ಇದನ್ನು ತೋರಿಸದೇ ಇರಬಹುದು.

ಜಪಾನ್‌ನವರು ಇದನ್ನು ಚೆನ್ನಾಗಿ ಬಗೆಹರಿಸಿದ್ದಾರೆ. ಅವರ ಮಾನದಂಡದಲ್ಲಿ ಮರುಬಳಕೆ ಜಲ್ಲಿಗೆ ಮೂರು ದರ್ಜೆಗಳಿವೆ. ದಪ್ಪ ಜಲ್ಲಿಯಾದರೆ ನೀರು ಹೀರುವಿಕೆ ಮೇಲಿನ ದರ್ಜೆಗೆ 3%, ನಡುವಿನದಕ್ಕೆ 5%, ಕೆಳಗಿನದಕ್ಕೆ 7% ಮೀರಬಾರದು. ಮೇಲಿನ ದರ್ಜೆಯದನ್ನು ಸಾಮಾನ್ಯ ಜಲ್ಲಿಯಂತೆ ಬಳಸಬಹುದು. ಕೆಳಗಿನದು ಹೆಚ್ಚು ಭಾರ ಬೀಳದ ಕೆಲಸಕ್ಕೆ ಮಾತ್ರ. ಎಷ್ಟು ಶೇಕಡಾ ಹಾಕಬೇಕು ಅನ್ನೋದಕ್ಕಿಂತ ಮುಂಚೆ ಯಾವ ದರ್ಜೆಯದು ಅಂತ ಕೇಳುವ ಪದ್ಧತಿ ಇದು.

ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತದ ಮಾನದಂಡ ಐಎಸ್ 383, 2016ರಲ್ಲಿ ಪರಿಷ್ಕರಣೆಯಾದಾಗ ಬೇರೆ ದಾರಿ ಹಿಡಿಯಿತು. ಹಳೆ ಕಾಂಕ್ರೀಟಿನ ಜಲ್ಲಿಗೆ ಕಬ್ಬಿಣವಿಲ್ಲದ ಕಾಂಕ್ರೀಟ್‌ನಲ್ಲಿ 25%, ಕಬ್ಬಿಣ ಇರುವುದರಲ್ಲಿ 20%, ಅದೂ ಎಂ25 ದರ್ಜೆವರೆಗೆ ಮಾತ್ರ (ಎಂ ಮುಂದಿನ ಸಂಖ್ಯೆ ಕಾಂಕ್ರೀಟಿನ ಬಲ ಹೇಳುತ್ತದೆ). ಎಂ15ಕ್ಕಿಂತ ಕಡಿಮೆಯ ಲೀನ್ ಕಾಂಕ್ರೀಟ್‌ಗೆ 100% ಹಾಕಬಹುದು. ವಿಂಗಡಣೆ ಹೇಗಿರುತ್ತದೋ ಗೊತ್ತಿಲ್ಲದಾಗ ಇಂಥ ಮಿತಿ ಕಾಪಾಡುತ್ತದೆ, ನಿಜ. ಆದರೆ ಚೆನ್ನಾಗಿ ವಿಂಗಡಿಸಿದವನಿಗೂ ಮಾಡದವನಿಗೂ ಒಂದೇ ಮಿತಿ. ಶ್ರಮ ಪಟ್ಟವನಿಗೆ ಇದರಿಂದ ಪ್ರೋತ್ಸಾಹ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು. 4.75 ಮಿ.ಮೀ.ಗಿಂತ ಸಣ್ಣ ಪುಡಿಯನ್ನು ಮರಳಿನ ಬದಲು ಹಾಕುವ ಆಸೆ ಬೇಡ, ಕನಿಷ್ಠ ಕಬ್ಬಿಣ ಹಾಕಿದ ಕಾಂಕ್ರೀಟ್‌ಗೆ. ಗಾರೆ ಹೆಚ್ಚಾಗಿ ಅಲ್ಲೇ ಸೇರಿರುತ್ತದೆ. ನೀರು ಜಾಸ್ತಿ ಕೇಳುತ್ತದೆ, ಕುಗ್ಗುವಿಕೆಯೂ ಜಾಸ್ತಿ.

ಬೂದಿ ಬಳಗ:
ಕ್ಯೂಸಿ ಸರ್ ಹೇಳಿದ್ದೆಲ್ಲ ಸರಿ. ಆದರೆ ಜಲ್ಲಿ ಬದಲಿಸುವುದೂ ಸಿಮೆಂಟ್ ಬದಲಿಸುವುದೂ ಬೇರೆ ಬೇರೆ ಕೆಲಸ ಅನ್ನೋದನ್ನು ವಿದ್ಯಾರ್ಥಿಗಳು ಮೊದಲೇ ತಿಳಿದುಕೊಳ್ಳಬೇಕು. "ಪರಿಸರಸ್ನೇಹಿ ಕಾಂಕ್ರೀಟ್" ಅಂತ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ.

ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8% ಸಿಮೆಂಟಿನದು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬರುವುದು ಇಂಧನದಿಂದಲ್ಲ, ಸುಣ್ಣದಕಲ್ಲಿನಿಂದಲೇ. ಗೂಡಿನಲ್ಲಿ ಸುಣ್ಣದಕಲ್ಲು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಗೂಡಿಗೆ ಎಷ್ಟೇ ಸ್ವಚ್ಛ ಇಂಧನ ಕೊಟ್ಟರೂ ಈ ಭಾಗ ತಪ್ಪಲ್ಲ. ಜಲ್ಲಿಗೆ ಈ ಸಮಸ್ಯೆ ಇಲ್ಲ. ಒಡೆಯುವುದು, ಸಾಗಿಸುವುದು, ಅಷ್ಟೇ. ಹಾಗಾಗಿ ಹಳೆ ಕಾಂಕ್ರೀಟ್ ಜಲ್ಲಿಯಿಂದ ಉಳಿಯುವುದು ಬೆಟ್ಟ, ಕಡಿಮೆಯಾಗುವುದು ಕಸ ಸುರಿಯುವ ಜಾಗ. ಇವೆರಡೂ ದೊಡ್ಡ ಲಾಭವೇ. ಆದರೆ ಇಂಗಾಲದ ಲೆಕ್ಕದಲ್ಲಿ ಉಳಿತಾಯ ಬಹಳ ಕಡಿಮೆ.

ಇದರಲ್ಲೊಂದು ಬಲೆ ಇದೆ. ಮರುಬಳಕೆ ಜಲ್ಲಿ ಹಾಕಿದಾಗ ಬಲ ಸ್ವಲ್ಪ ಇಳಿಯಿತು ಅಂತ ಸಿಮೆಂಟ್ ಹೆಚ್ಚಿಸಿದಿರಿ ಅಂದುಕೊಳ್ಳಿ. ಜಲ್ಲಿಯಲ್ಲಿ ಉಳಿಸಿದ ಇಂಗಾಲಕ್ಕಿಂತ ಜಾಸ್ತಿ ಸಿಮೆಂಟಿನಲ್ಲಿ ಹೋಗಿಬಿಡುತ್ತದೆ. ಎಷ್ಟೋ ಪ್ರಬಂಧಗಳಲ್ಲಿ ಹೀಗೇ ಮಾಡಿ, ಕೊನೆಯಲ್ಲಿ "ಹಸಿರು ಕಾಂಕ್ರೀಟ್" ಅಂತ ಬರೆದಿರುತ್ತಾರೆ. ಆ ಟೇಬಲ್‌ನಲ್ಲಿ ಸಿಮೆಂಟಿನ ಕಾಲಂ ನೋಡದೇ ಬಿಡಬೇಡಿ.

ಸಿಮೆಂಟ್ ಬದಲಿಸುವ ವಸ್ತುಗಳಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ ಮತ್ತು ಕಬ್ಬಿಣ ತೆಗೆಯುವ ಊದುಕುಲುಮೆಯ ಸ್ಲ್ಯಾಗ್ (ಕಿಟ್ಟ) ಮುಖ್ಯ. ಹಾರುಬೂದಿ ಸಣ್ಣ ಗಾಜಿನ ಗೋಲಿಗಳ ರೂಪದಲ್ಲಿರುತ್ತದೆ, ಹಾಗಾಗಿ ಕಾಂಕ್ರೀಟ್ ಸುಲಭವಾಗಿ ಹರಿಯುತ್ತದೆ. ಸಿಮೆಂಟ್ ನೀರಿನ ಜೊತೆ ಸೇರಿದಾಗ ಉಳಿಯುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಜೊತೆ ನಿಧಾನವಾಗಿ ಕೂಡಿಕೊಂಡು ಅದೂ ಅಂಟಾಗುತ್ತದೆ. ಶಾಖ ಕಡಿಮೆ ಹುಟ್ಟುತ್ತದೆ. ಅದಕ್ಕೇ ದೊಡ್ಡ ಅಣೆಕಟ್ಟುಗಳವರು ಇದನ್ನು ಬೇಗ ಹಿಡಿದುಕೊಂಡರು. ಅಮೆರಿಕದ ಮೊಂಟಾನಾದ ಹಂಗ್ರಿ ಹಾರ್ಸ್ ಅಣೆಕಟ್ಟಿನಲ್ಲಿ 1950ರ ಆಸುಪಾಸಿನಲ್ಲೇ ಹಾರುಬೂದಿ ದೊಡ್ಡ ಪ್ರಮಾಣದಲ್ಲಿ ಹೋಯಿತು.

ಸ್ಲ್ಯಾಗ್ ಇನ್ನೂ ಹಳೆಯದು. ಕರಗಿದ ಸ್ಲ್ಯಾಗ್ ಮೇಲೆ ನೀರು ಬಿಟ್ಟು ಥಟ್ಟನೆ ತಣಿಸಿದರೆ ಅದಕ್ಕೆ ಸಿಮೆಂಟಿನ ಗುಣ ಬರುತ್ತದೆ ಅಂತ ಜರ್ಮನಿಯ ಎಮಿಲ್ ಲಾಂಗನ್ 1862ರಲ್ಲೇ ಕಂಡುಕೊಂಡರು. ನಿಧಾನವಾಗಿ ಆರಲು ಬಿಟ್ಟರೆ ಅದೇ ಸ್ಲ್ಯಾಗ್ ಬರೀ ಕಲ್ಲಾಗುತ್ತದೆ, ಜಲ್ಲಿಗೆ ಮಾತ್ರ ಬರುತ್ತದೆ. ಉಪ್ಪುನೀರಿನ ಹತ್ತಿರ ಕಟ್ಟುವವರಿಗೆ ಸ್ಲ್ಯಾಗ್ ಸಿಮೆಂಟ್ ಬಿಟ್ಟು ಬೇರೆ ಹೇಳಲು ನನಗೆ ಮನಸ್ಸಾಗಲ್ಲ. ಕ್ಲೋರೈಡ್ ಒಳಗೆ ಇಳಿಯುವುದನ್ನು ಅದು ಅಷ್ಟು ಚೆನ್ನಾಗಿ ತಡೆಯುತ್ತದೆ.

ಸೈಟ್ ಸೂಪರ್‌ವೈಸರ್:
ಬೂದಿ ಹಾಕಿದ ಕಾಂಕ್ರೀಟ್ ನಿಧಾನ ಅಲ್ವಾ? ಸೆಂಟ್ರಿಂಗ್ ಬಿಚ್ಚಲು ಕಾಯಬೇಕು. ಕಂಟ್ರಾಕ್ಟರ್ ಒಪ್ಪಲ್ಲ.

ಬೂದಿ ಬಳಗ:
ನಿಧಾನ ಹೌದು. 7 ದಿನಕ್ಕೆ ಹಿಂದೆ ಇರುತ್ತದೆ, 90 ದಿನಕ್ಕೆ ಸರಿಗಟ್ಟುತ್ತದೆ, ಎಷ್ಟೋ ಸಲ ಮೀರುತ್ತದೆ. ತಳಪಾಯ, ದಪ್ಪ ರ‍್ಯಾಫ್ಟ್, ಪಿಯರ್, ರಸ್ತೆಯ ಕೆಳಪದರ ಇಲ್ಲೆಲ್ಲ ಆತುರ ಏನಿದೆ? ಆತುರ ಇರುವುದು ಸ್ಲ್ಯಾಬ್‌ಗೆ. ಅಲ್ಲಿ ಬೂದಿ ಕಡಿಮೆ ಹಾಕಿ. ಒಂದೇ ಕಟ್ಟಡಕ್ಕೆ ಬೇರೆ ಬೇರೆ ಮಿಕ್ಸ್ ಇಟ್ಟುಕೊಳ್ಳಲು ಯಾವ ನಿಯಮವೂ ಅಡ್ಡ ಬರಲ್ಲ. ಕ್ಯೂರಿಂಗ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಬೇಗ ಒಣಗಿದರೆ ಬೂದಿ ಕೆಲಸ ಶುರು ಮಾಡುವ ಮೊದಲೇ ನೀರು ಖಾಲಿಯಾಗಿರುತ್ತದೆ.

ನೆಲ ಜಲ:
ಒಂದು ಪ್ರಶ್ನೆ ಕೇಳಲೇಬೇಕು. ಬೂದಿ ಬರುವುದು ಕಲ್ಲಿದ್ದಲಿನಿಂದ. ಕಲ್ಲಿದ್ದಲು ಬಿಡಬೇಕು ಅಂತಲೂ ನಾವೇ ಹೇಳುತ್ತೇವೆ. ಬ್ರಿಟನ್‌ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಅದೇ ತಿಂಗಳು ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಯ ಕೊನೆಯ ಊದುಕುಲುಮೆಯೂ ನಿಂತಿತು, ಅದರ ಜಾಗಕ್ಕೆ ವಿದ್ಯುತ್ ಕುಲುಮೆ ಬರುತ್ತಿದೆ. ವಿದ್ಯುತ್ ಕುಲುಮೆಯ ಸ್ಲ್ಯಾಗ್‌ಗೆ ಆ ಸಿಮೆಂಟಿನ ಗುಣ ಇಲ್ಲ. ನಾಳೆ ಇವೆರಡೂ ಸಿಗದೇ ಹೋದರೆ?

ಬೂದಿ ಬಳಗ:
ಸರಿಯಾಗಿ ಹಿಡಿದಿರಿ. ನನಗೂ ಇದೇ ಚಿಂತೆ. ಸದ್ಯಕ್ಕೆ ಹಳೆ ಬೂದಿಕೆರೆಗಳಲ್ಲಿ ದಶಕಗಳಿಂದ ಬಿದ್ದಿರುವ ಬೂದಿ ಇದೆ. ಅದನ್ನು ಅಗೆದು, ಒಣಗಿಸಿ, ಸುಡದೇ ಉಳಿದ ಇಂಗಾಲ ತೆಗೆದು ಬಳಸುವ ಕೆಲಸ ಅಮೆರಿಕದಲ್ಲಿ ನಡೆಯುತ್ತಿದೆ. ಆ ಕೆರೆಗಳು ನೆಲದ ನೀರಿಗೂ ಅಪಾಯ, ಹಾಗಾಗಿ ಖಾಲಿಯಾದಷ್ಟೂ ಒಳ್ಳೆಯದು. ದೂರದ ದಾರಿ ಅಂದರೆ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿ ಸೇರಿಸಿದ ಸಿಮೆಂಟ್. ಅದು ಕಸದಿಂದ ಬಂದದ್ದಲ್ಲ. ಇಂಗಾಲ ಕಡಿಮೆ ಮಾಡುವುದೇ ಗುರಿ ಆದರೆ ಕಸದಿಂದ ಬರಲೇಬೇಕು ಅಂತೇನೂ ಇಲ್ಲವಲ್ಲ.

ಭತ್ತದ ಹೊಟ್ಟಿನ ಬೂದಿ ಬಗ್ಗೆಯೂ ಯಾರಾದರೂ ಕೇಳೇ ಕೇಳುತ್ತೀರಿ. ಹದವಾದ ಶಾಖದಲ್ಲಿ ಸುಟ್ಟರೆ ಅದರ ಸಿಲಿಕಾ ಚುರುಕಾಗಿರುತ್ತದೆ. ಬೆಂಕಿ ಜೋರಾದರೆ ಸಿಲಿಕಾ ಹರಳುಗಟ್ಟಿ ಮಂಕಾಗುತ್ತದೆ. ಬಾಯ್ಲರ್‌ನಿಂದ ಬಂದ ಬೂದಿ ಹೇಗಿದೆ ಅಂತ ಪರೀಕ್ಷೆ ಮಾಡದೇ ಬಳಸಬೇಡಿ. ಗಾಜಿಗೂ ಹೀಗೇ ಎರಡು ಮುಖ. ಜಲ್ಲಿಯ ಗಾತ್ರದಲ್ಲಿ ಹಾಕಿದರೆ ಸಿಮೆಂಟಿನ ಕ್ಷಾರದ ಜೊತೆ ಸೇರಿ ಉಬ್ಬುವ ಜೆಲ್ ಆಗಿ ಕಾಂಕ್ರೀಟ್ ಸೀಳಬಹುದು. ಸುಮಾರು 75 ಮೈಕ್ರಾನ್‌ಗಿಂತ ನುಣ್ಣಗೆ ಬೀಸಿದರೆ ಅದೇ ಗಾಜು ಹಾರುಬೂದಿಯಂತೆ ಅಂಟಾಗುತ್ತದೆ. ಬೀಸಲು ವಿದ್ಯುತ್ ಬೇಕು, ಅದೂ ಲೆಕ್ಕಕ್ಕೆ ಬರಲಿ.

ಡಾಂಬರು ಲ್ಯಾಬ್:
ರಸ್ತೆಯವರು ಯಾರೂ ಮಾತಾಡಿಲ್ಲ, ನಾನು ಶುರು ಮಾಡುತ್ತೇನೆ. ಎಲ್ಲರಿಗೂ ಪ್ಲಾಸ್ಟಿಕ್ ರಸ್ತೆ ಗೊತ್ತು. ರಸ್ತೆಗೆ ಎಲ್ಲಕ್ಕಿಂತ ಒಳ್ಳೆ ಮರುಬಳಕೆ ವಸ್ತು ಮಾತ್ರ ಹಳೆ ರಸ್ತೆಯೇ. ಮಿಲ್ಲಿಂಗ್ ಮೆಷಿನ್‌ನಲ್ಲಿ ಕೆರೆದು ತೆಗೆದ ಡಾಂಬರು ಪದರದಲ್ಲಿ ಒಳ್ಳೆ ಜಲ್ಲಿ ಇದೆ, ಅದರ ಮೇಲೆ ಡಾಂಬರೂ ಇದೆ. ಅದನ್ನು ಗುಂಡಿ ತುಂಬಲು ಮಣ್ಣಿನಂತೆ ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಹಳೆ ಡಾಂಬರು ಗಾಳಿ ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಬಿರುಕು ಬಿಡುವ ಸ್ವಭಾವ ಬಂದಿರುತ್ತದೆ. ಪ್ರಮಾಣ ಕಡಿಮೆ ಇದ್ದರೆ ತೊಂದರೆ ಇಲ್ಲ. ಜಾಸ್ತಿ ಹಾಕಬೇಕಾದರೆ ಮೆತ್ತನೆ ಡಾಂಬರು ಅಥವಾ ಹಳೆಯದನ್ನು ಮೆತ್ತಗೆ ಮಾಡುವ ಎಣ್ಣೆ ಸೇರಿಸಬೇಕು. ಹಾಟ್ ಮಿಕ್ಸ್ ಪ್ಲಾಂಟ್‌ನಲ್ಲಿ ಇದನ್ನು ನೇರವಾಗಿ ಜ್ವಾಲೆಗೆ ಒಡ್ಡಬಾರದು, ಡಾಂಬರು ಸುಟ್ಟು ಹೊಗೆ ಏಳುತ್ತದೆ. ಹೊಸ ಜಲ್ಲಿಯನ್ನು ಹೆಚ್ಚು ಕಾಯಿಸಿ, ಆ ಶಾಖದಿಂದ ಹಳೆಯದನ್ನು ಬಿಸಿ ಮಾಡಬೇಕು. ರಾಶಿ ಮಳೆಗೆ ನೆನೆದಿದ್ದರೆ ಆ ನೀರು ಆರಿಸಲೇ ಶಾಖ ಹೋಗುತ್ತದೆ. ರಾಶಿಗೊಂದು ಸೂರು ಹಾಕಿದರೆ ಎಷ್ಟು ಇಂಧನ ಉಳಿಯುತ್ತದೆ ಅಂತ ಪ್ಲಾಂಟ್ ನಡೆಸುವವರಿಗೆ ಗೊತ್ತು.

ಕಾಯಿಸದೇ ಮಾಡುವ ದಾರಿಯೂ ಇದೆ. ಬಿಸಿ ಡಾಂಬರಿಗೆ ಶೇಕಡಾ ಎರಡು ಮೂರರಷ್ಟು ತಣ್ಣೀರು ಚಿಮ್ಮಿಸಿದರೆ ನೀರು ಆವಿಯಾಗಿ ಡಾಂಬರು ನೊರೆಯಾಗಿ ಉಕ್ಕುತ್ತದೆ. ಆ ನೊರೆ ಕೆಲವು ಸೆಕೆಂಡ್ ಇರುತ್ತದೆ, ಅಷ್ಟರಲ್ಲಿ ತಣ್ಣಗಿನ ಹಳೆ ಜಲ್ಲಿಗೆ ಬೆರೆಸಬೇಕು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾಡಿಸ್ ಸಾನ್ಯಿ 1950ರ ದಶಕದಲ್ಲಿ ಹಬೆ ಬಳಸಿ ಇದನ್ನು ಮಾಡಿದರು. ತಣ್ಣೀರಿನ ವಿಧಾನ ಆಮೇಲೆ ಬಂತು. ಈಗ ರಸ್ತೆ ಮೇಲೆಯೇ ಸಾಗುವ ಯಂತ್ರ ಹಳೆ ಪದರ ಕೆರೆದು, ನೊರೆ ಬೆರೆಸಿ, ಹಿಂದೆಯೇ ಹಾಸಿಕೊಂಡು ಹೋಗುತ್ತದೆ. ಲಾರಿ ಓಡಾಟವೇ ಉಳಿಯುತ್ತದೆ. ಬೇಸ್ ಪದರಕ್ಕೆ ನನ್ನ ಮೊದಲ ಆಯ್ಕೆ ಇದೇ.

ಟೈರ್ ಪುಡಿಗೂ ಒಳ್ಳೆ ಇತಿಹಾಸ ಇದೆ. ಅಮೆರಿಕದ ಫೀನಿಕ್ಸ್‌ನಲ್ಲಿ ಇಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ 1960ರ ದಶಕದಲ್ಲಿ ಬಿಸಿ ಡಾಂಬರಿನಲ್ಲಿ ಟೈರ್ ಪುಡಿ ಕಲಸಿ, ಸ್ವಲ್ಪ ಹೊತ್ತು ಊದಲು ಬಿಟ್ಟು ಬಳಸಿದರು. ಪುಡಿ ಡಾಂಬರಿನ ಎಣ್ಣೆ ಹೀರಿ ಉಬ್ಬುತ್ತದೆ, ಅಂಟು ದಪ್ಪವಾಗುತ್ತದೆ, ರಸ್ತೆ ಬಾಗಿದರೂ ಬೇಗ ಬಿರುಕು ಬಿಡಲ್ಲ. ಗಾಡಿಗಳ ಸದ್ದೂ ಕಡಿಮೆ. ಕಾಂಕ್ರೀಟ್‌ನಲ್ಲಿ ಅದೇ ಟೈರ್ ಚೂರು ಹಾಕಿದರೆ ಬಲ ಜೋರಾಗಿ ಇಳಿಯುತ್ತದೆ. ಡಾಂಬರಿಗೂ ರಬ್ಬರಿಗೂ ಹೊಂದುತ್ತದೆ, ಸಿಮೆಂಟಿಗೆ ಅಂಟಲ್ಲ. ಟೈರನ್ನು ಡಾಂಬರಿಗೇ ಕಳಿಸಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ನೆಲ ಜಲ:
ಪ್ಲಾಸ್ಟಿಕ್ ಬಗ್ಗೆಯೂ ನೀವೇ ಹೇಳಿ. ರಸ್ತೆ ಸವೆದಂತೆ ಅದು ಪುಡಿಯಾಗಿ ಚರಂಡಿಗೆ, ಕೆರೆಗೆ ಹೋಗಲ್ವಾ?

ಡಾಂಬರು ಲ್ಯಾಬ್:
ಆ ಭಯ ನ್ಯಾಯವಾದದ್ದು. ಮೊದಲು ವಿಧಾನ ಹೇಳುತ್ತೇನೆ. ಮದುರೈನ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ರಾಜಗೋಪಾಲನ್ ವಾಸುದೇವನ್ ರೂಪಿಸಿದ್ದು ಇದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುಮಾರು 165 ಡಿಗ್ರಿಗೆ ಕಾದ ಜಲ್ಲಿ ಮೇಲೆ ಚೂರು ಮಾಡಿದ ಪ್ಲಾಸ್ಟಿಕ್ ಉದುರಿಸುತ್ತಾರೆ. ಅದು ಕರಗಿ ಕಲ್ಲಿಗೆ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಡಾಂಬರು. ಹೀಗೆ ಮೆತ್ತಿಕೊಂಡ ಕಲ್ಲಿನಿಂದ ನೀರು ಡಾಂಬರನ್ನು ಬಿಡಿಸುವುದು ಕಷ್ಟ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. ಡಾಂಬರಿನ ತೂಕದ 6ರಿಂದ 8% ಪ್ಲಾಸ್ಟಿಕ್ ಅಂತ ಅದರಲ್ಲಿದೆ.

ಎಲ್ಲ ಪ್ಲಾಸ್ಟಿಕ್ ಆಗಲ್ಲ. ಕವರ್, ಪ್ಯಾಕೆಟ್‌ಗಳ ಪಾಲಿಥಿನ್, ಪಾಲಿಪ್ರೊಪಿಲೀನ್ ಸರಿ. ನೀರಿನ ಬಾಟಲಿಯ ಪೆಟ್ ಆ ಶಾಖಕ್ಕೆ ಕರಗುವುದೇ ಇಲ್ಲ, 250 ಡಿಗ್ರಿ ಬೇಕು. ಪಿವಿಸಿಯಂತೂ ಹತ್ತಿರ ಸೇರಿಸಬಾರದು, ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಪ್ಲಾಂಟ್ ಮುಂದೆ ನಿಂತು ಆ ಗಾಳಿ ಕುಡಿಯುವವರು ಕೂಲಿ ಜನ. ಚೀಲದಲ್ಲಿ ಏನು ಬಂದಿದೆ ಅಂತ ನೋಡದೇ ಸುರಿಯುವುದು ಅವರಿಗೆ ಮಾಡುವ ಅನ್ಯಾಯ.

ಸವೆತದ ವಿಷಯಕ್ಕೆ ಬಂದರೆ, ಗಾಲಿ ನೇರವಾಗಿ ತಾಗುವ ಮೇಲ್ಪದರದಲ್ಲಿ ಪ್ಲಾಸ್ಟಿಕ್ ಬೇಡ, ಅದರ ಕೆಳಗಿನ ಪದರದಲ್ಲಿ ಇರಲಿ ಅನ್ನೋದು ನನ್ನ ನಿಲುವು. ಮೇಲೆ ಒಳ್ಳೆ ಕಲ್ಲು, ರಬ್ಬರ್ ಡಾಂಬರು ಹಾಕಿ. ಹತ್ತಾರು ವರ್ಷ ಆದಮೇಲೆ ಆ ರಸ್ತೆಯನ್ನೂ ಕೆರೆಯಬೇಕಾಗುತ್ತದೆ. ಆಗ ಅದರಲ್ಲಿ ಏನಿತ್ತು ಅಂತ ಗೊತ್ತಿರಬೇಕು. ಯಾವ ಪದರಕ್ಕೆ ಏನು, ಎಷ್ಟು ಹಾಕಿದೆವು ಅನ್ನೋ ದಾಖಲೆ ಇಡುವುದು ಕೆಲಸದ ಭಾಗವೇ ಆಗಬೇಕು.

ಪ್ಲಾಂಟ್ ಕ್ಯೂಸಿ:
ಉಕ್ಕಿನ ಸ್ಲ್ಯಾಗ್ ಬಗ್ಗೆ ನನ್ನದೊಂದು ಮಾತು ಸೇರಿಸುತ್ತೇನೆ, ಹೆಸರು ಒಂದೇ ಅಂತ ಎಷ್ಟೋ ಜನ ಮೋಸ ಹೋಗುತ್ತಾರೆ. ಊದುಕುಲುಮೆಯ ಸ್ಲ್ಯಾಗ್ ಬೇರೆ, ಉಕ್ಕು ಮಾಡುವಾಗ ಬರುವ ಸ್ಲ್ಯಾಗ್ ಬೇರೆ. ಎರಡನೆಯದರಲ್ಲಿ ಸೇರದೇ ಉಳಿದ ಸುಣ್ಣ ಇರುತ್ತದೆ. ನೀರು ತಾಗಿದಾಗ ಅರಳುತ್ತದೆ. ಹಾಗೇ ತಂದು ಹಾಸಿದರೆ ರಸ್ತೆ ಅಲ್ಲಲ್ಲಿ ಉಬ್ಬುತ್ತದೆ. ತಿಂಗಳುಗಟ್ಟಲೆ ಬಯಲಲ್ಲಿ ನೀರು ಹಾಕಿ ಹಣ್ಣಾಗಿಸಬೇಕು, ಇಲ್ಲವೇ ಹಬೆ ಕೊಡಬೇಕು. ಹಾಗೆ ಹದ ಮಾಡಿದ್ದು ತುಂಬಾ ಗಟ್ಟಿ ಕಲ್ಲು, ಗಾಡಿ ಜಾರಲ್ಲ. ಡಾಂಬರು ರಸ್ತೆಯ ಮೇಲ್ಪದರಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಕಸ ಸುಡುವ ಸ್ಥಾವರದ ತಳಬೂದಿಯಲ್ಲಿ ಅಲ್ಯೂಮಿನಿಯಂ ಚೂರುಗಳು ಉಳಿದಿರುತ್ತವೆ. ಸಿಮೆಂಟಿನ ಕ್ಷಾರ ತಾಗಿದ ಕೂಡಲೇ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಹಸಿ ಕಾಂಕ್ರೀಟ್ ಊದಿಕೊಳ್ಳುತ್ತದೆ. ಭಾರಲೋಹ ಸೋರಿಕೆಯ ಪರೀಕ್ಷೆಯೂ ಬೇಕು. ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ಅದನ್ನು ಹಿಡಿದುಕೊಳ್ಳಬೇಡಿ.

ಸಿವಿಲ್ ಕೊನೇ ವರ್ಷ:
ಇಷ್ಟು ಓದಿದ ಮೇಲೆ ನಮ್ಮ ಯೋಜನೆ ಬದಲಾಯಿಸಿದ್ದೇವೆ. ಐದು ಕಸ, ಐದು ಶೇಕಡಾವಾರು ಬೇಡ. ಒಂದೇ ಮೂಲದ ಹಳೆ ಕಾಂಕ್ರೀಟ್ ಜಲ್ಲಿ, ನೆನೆಸಿದ್ದು ಮತ್ತು ಒಣಗಿದ್ದು. ಅದಕ್ಕೆ ಹಾರುಬೂದಿ ಇರುವ, ಇಲ್ಲದ ಮಿಕ್ಸ್. ಏನೇನು ಅಳೆಯಬೇಕು?

ಪ್ಲಾಂಟ್ ಕ್ಯೂಸಿ:
ತುಂಬಾ ಒಳ್ಳೆ ನಿರ್ಧಾರ. ಬಲವನ್ನು 28 ಮತ್ತು 90 ದಿನಕ್ಕೆ ನೋಡಿ. ಸ್ಲಂಪ್ ಬೆರೆಸಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಬಿಟ್ಟು ಒಮ್ಮೆ, ಒಂದು ಗಂಟೆಗೆ ಇನ್ನೊಮ್ಮೆ. ಒಣಗಿದಾಗಿನ ಕುಗ್ಗುವಿಕೆ ಬಿಡಬೇಡಿ, ಈ ಜಲ್ಲಿಯ ದೊಡ್ಡ ದೌರ್ಬಲ್ಯ ಅದೇ. ಹೋಲಿಕೆ ಮಾಡುವಾಗ ಒಂದೇ ಬಲ ಕೊಡುವ ಮಿಕ್ಸ್‌ಗಳನ್ನು ಪಕ್ಕಪಕ್ಕ ಇಡಿ, ಪ್ರತಿಯೊಂದಕ್ಕೂ ಎಷ್ಟು ಸಿಮೆಂಟ್ ಹೋಯಿತು ಅಂತ ಬರೆಯಿರಿ. ಆಗ ಇಂಗಾಲದ ಲೆಕ್ಕ ತಾನಾಗೇ ಹೊರಗೆ ಬರುತ್ತದೆ. ಒಡೆಯುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ಆ ದೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರಲ್ಲ.

ಸೈಟ್ ಸೂಪರ್‌ವೈಸರ್:
ಕೊನೆಗೆ ನನ್ನದೂ ಒಂದು. ಒಡೆದ ಕಾಂಕ್ರೀಟ್ ಜಲ್ಲಿಯನ್ನು ರಸ್ತೆಯ ತೀರಾ ಕೆಳಗಿನ ಪದರ, ಅಂದರೆ ಸಬ್‌ಬೇಸ್‌ಗೆ ಹಾಸಿದ್ದೆವು. ಚೆನ್ನಾಗಿ ಕೂತಿತು, ಸಮಯ ಹೋದಂತೆ ಇನ್ನೂ ಗಟ್ಟಿಯಾಯಿತು. ಆದರೆ ಪಕ್ಕದ ಡ್ರೈನ್ ಪೈಪಿನ ಬಾಯಲ್ಲಿ ಬಿಳಿ ಗಟ್ಟಿ ಪದರ ಕಟ್ಟುತ್ತಿದೆ. ಕೆರೆದರೂ ಮತ್ತೆ ಬರುತ್ತದೆ. ಏನದು?

ಡಾಂಬರು ಲ್ಯಾಬ್:
ಅದು ಸುಣ್ಣ. ಹಳೆ ಗಾರೆಯಲ್ಲಿ ಉಳಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮಳೆನೀರಿನಲ್ಲಿ ಕರಗಿ ಬರುತ್ತದೆ, ಪೈಪಿನ ಬಾಯಲ್ಲಿ ಗಾಳಿ ತಾಗಿದ ಕೂಡಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಸಬ್‌ಬೇಸ್ ಗಟ್ಟಿಯಾದದ್ದಕ್ಕೂ ಮುಖ್ಯವಾಗಿ ಅದೇ ಹಳೆ ಗಾರೆ ಕಾರಣ, ಅದರಲ್ಲಿ ಉಳಿದ ಸಿಮೆಂಟ್ ಮತ್ತೆ ಸ್ವಲ್ಪ ಅಂಟುತ್ತದೆ. ಪುಡಿಯಲ್ಲೇ ಸುಣ್ಣ ಜಾಸ್ತಿ, ಹಾಗಾಗಿ ಮುಂದಿನ ಸಲ ಜಲ್ಲಿಯನ್ನು ತೊಳೆದು ಅಥವಾ ಜರಡಿ ಹಿಡಿದು ಪುಡಿ ತೆಗೆಯಿರಿ. ನೀರು ಬಸಿಯುವ ಪದರಕ್ಕೆ, ಜಿಯೋಟೆಕ್ಸ್‌ಟೈಲ್ (ನೀರು ಸೋಸುವ ಬಟ್ಟೆ) ಸುತ್ತಿದ ಪೈಪಿನ ಪಕ್ಕಕ್ಕೆ ಈ ಜಲ್ಲಿ ಬೇಡ, ಅಲ್ಲಿ ಸಾಮಾನ್ಯ ಕಲ್ಲೇ ಇರಲಿ. ಬಸಿದ ನೀರಿನ ಕ್ಷಾರ ಜಾಸ್ತಿ ಇರುತ್ತದೆ, ಪಿಎಚ್ 11 ದಾಟಬಹುದು. ಹತ್ತಿರ ಹಳ್ಳ, ಕೆರೆ ಇದ್ದರೆ ನೇರವಾಗಿ ಅದಕ್ಕೆ ಬಿಡಬೇಡಿ. ಸತು ಲೇಪಿಸಿದ ಪೈಪನ್ನೂ ಅದು ತಿನ್ನುತ್ತದೆ. ಈಗ ಇರುವ ಪೈಪಿನ ಬಾಯನ್ನು ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆರೆದು ನೋಡುತ್ತಾ ಇರಿ. ಪುಡಿ ಕಡಿಮೆ ಇದ್ದರೆ ಪದರ ಕಟ್ಟುವುದೂ ಬರಬರುತ್ತಾ ಕಡಿಮೆಯಾಗುತ್ತದೆ.